ಬೀಗ ಹಾಕಿದ್ದು ಗೇಟಿಗೆ, ಚರಂಡಿಗಲ್ಲ

ಭಾನುವಾರ ಬೆಳಿಗ್ಗೆ ಜಲಾಶಯದ ಏರಿ ಮೇಲೆ ಒಂದು ಸುತ್ತು ಹಾಕುವುದು ನನ್ನ ಹಳೆಯ ಅಭ್ಯಾಸ. ಮೊನ್ನೆ ಹೋದರೆ ಗೇಟಿಗೆ ಬೀಗ. ಪಕ್ಕದಲ್ಲೊಂದು ಹೊಸ ಬೋರ್ಡ್: 'ಕುಡಿಯುವ ನೀರು, ಪ್ರವೇಶವಿಲ್ಲ'. ಬೇಲಿಯ ಸಂದಿಯಿಂದ ಇಣುಕಿದೆ. ನೂರು ಹೆಜ್ಜೆ ಆಚೆ ರಸ್ತೆ ಬದಿಯ ಚರಂಡಿ ಬೆಳ್ಳಗೆ ನೊರೆ ಕಾರುತ್ತಾ ಅದೇ ನೀರಿಗೆ ಇಳಿಯುತ್ತಿತ್ತು. ಅದಕ್ಕೆ ಬೀಗವೂ ಇಲ್ಲ, ಬೋರ್ಡೂ ಇಲ್ಲ.

ಸಿಟ್ಟು ಬಂತು. ಆದರೂ ಬೀಗ ಹಾಕಿದವರ ಭಯ ಪೂರ್ತಿ ಸುಳ್ಳೇನಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಕಣ್ಣಿಗೆ ಕಾಣದ ಜೀವಿ ನಲ್ಲಿ ನೀರಿನಲ್ಲೇ ಬಂದು ಸುಮಾರು 4 ಲಕ್ಷ ಜನರ ಹೊಟ್ಟೆ ಕೆಡಿಸಿತು. ಮಾಮೂಲಿ ಕ್ಲೋರಿನ್‌ಗೆ ಅದು ಜಗ್ಗುವುದಿಲ್ಲ. ಒಂದೋ ಫಿಲ್ಟರ್ ಚೆನ್ನಾಗಿ ಕೆಲಸ ಮಾಡಬೇಕು, ಇಲ್ಲಾ ಅತಿನೇರಳೆ ಬೆಳಕು ಹಾಯಿಸಬೇಕು. ಭೇದಿ ಈಗಷ್ಟೇ ನಿಂತ ಒಂದು ಮಗು ನೀರಿಗಿಳಿದರೂ ಸಾಕು, ಅದು ನೀರಿಗೆ ಸೇರಬಹುದು. ಹಾಗಾಗಿ ಕುಡಿಯುವ ನೀರಿನಲ್ಲಿ ಈಜು ಬೇಡ ಅಂದರೆ ನಾನು ಜಗಳಕ್ಕೆ ಬರುವುದಿಲ್ಲ.

ನನ್ನ ತಕರಾರು ಬೇರೆ. ಶುದ್ಧ ಮಾಡುವ ಮುಂಚಿನ ನೀರನ್ನೂ ಶುದ್ಧ ಮಾಡಿದ ನೀರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ. 2014ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಒಬ್ಬ ಹುಡುಗ ತೆರೆದ ಜಲಾಶಯಕ್ಕೆ ಮೂತ್ರ ಮಾಡಿದ ಅಂತ ಸುಮಾರು 14 ಕೋಟಿ ಲೀಟರ್ ನೀರನ್ನು ಜನರಿಗೆ ಬಿಡುವುದಿಲ್ಲ ಅಂದುಬಿಟ್ಟರು. ಜನ ನಕ್ಕರು. ಆದರೆ ಅದು ಶುದ್ಧ ಮಾಡಿ ಮುಗಿಸಿದ, ನೇರ ಮನೆಗೆ ಹೋಗುವ ನೀರು. ಅಂಥದ್ದಕ್ಕೆ ಬೇಲಿ ಯಾಕೆ, ಮುಚ್ಚಳವನ್ನೇ ಹಾಕಲಿ. ನಮ್ಮ ಏರಿಯ ಹಿಂದಿರುವುದು ಇನ್ನೂ ಫಿಲ್ಟರ್ ನೋಡದ ನೀರು. ಅದರ ಮೇಲೆ ಹುಟ್ಟು ಹಾಕುವ ದೋಣಿ ಹೋದರೆ, ದಡದಲ್ಲಿ ಯಾರೋ ಗಾಳ ಹಾಕಿ ಕೂತರೆ ಏನಾಗುತ್ತದೆ? ಪೆಟ್ರೋಲ್ ಮೋಟಾರ್ ಬೇಡ, ಸರಿ. ನೀರೆಳೆಯುವ ಗೋಪುರದ ಹತ್ತಿರ ಯಾರೂ ಸುಳಿಯಬಾರದು, ಅದೂ ಸರಿ.

ಆ ಗೋಪುರವನ್ನು ಒಮ್ಮೆ ಹತ್ತಿರದಿಂದ ನೋಡಿದ್ದೆ. ಮೇಲಿನಿಂದ ಕೆಳಗಿನವರೆಗೆ ಬೇರೆ ಬೇರೆ ಎತ್ತರದಲ್ಲಿ ಬಾಗಿಲುಗಳಿವೆ. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾಗಿ ಪಾಚಿ ಕಟ್ಟುತ್ತದೆ, ತಳದ ನೀರು ತಣ್ಣಗೆ ಉಸಿರಿಲ್ಲದೆ ಬಿದ್ದಿರುತ್ತದೆ, ಅಲ್ಲಿ ಆಮ್ಲಜನಕ ಮುಗಿದ ಮೇಲೆ ಕೆಸರಿನಿಂದ ಕಬ್ಬಿಣ, ಮ್ಯಾಂಗನೀಸ್ ಕರಗಿ ಮೇಲೇಳುತ್ತವೆ. ಆಗ ನಡುವಿನ ಬಾಗಿಲು ತೆರೆದು ನೀರೆಳೆಯುತ್ತಾರೆ. ಎಷ್ಟು ಸರಳ ಬುದ್ಧಿ ಅಲ್ವಾ! ಆ ಪಾಚಿಗೆ ಗೊಬ್ಬರ ಹಾಕುವುದು ದೋಣಿಯವನಲ್ಲ, ಹೊಲದಿಂದ, ಚರಂಡಿಯಿಂದ ಬರುವ ರಂಜಕ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ನಲ್ಲಿ ನೀರು ಕುಡಿಯಬೇಡಿ ಅಂದಿದ್ದು ಕೂಡ ಸರೋವರದ ಪಾಚಿ ಬಿಟ್ಟ ವಿಷಕ್ಕೇ.

ದೋಣಿ ಬಿಡುವವರಿಗೆ ಒಂದು ಮಾತು ಹೇಳಲೇಬೇಕು, ಯಾಕಂದರೆ ಅವರೂ ಸಾಧುಗಳೇನಲ್ಲ. ಬೇರೆ ನೀರಿನಲ್ಲಿ ಆಡಿಸಿದ ದೋಣಿಯನ್ನು ತೊಳೆದು, ಒಳಗಿನ ನೀರು ಚೆಲ್ಲಿ, ಪೂರ್ತಿ ಒಣಗಿಸಿಯೇ ಇಲ್ಲಿಗೆ ಇಳಿಸಬೇಕು. ಜೀಬ್ರಾ ಮಸೆಲ್ ಅನ್ನುವ ಚಿಪ್ಪುಜೀವಿಯ ಮರಿ ಬರಿಗಣ್ಣಿಗೆ ಕಾಣುವುದಿಲ್ಲ, ಬೆಳೆದರೆ ಪೈಪ್ ಒಳಗೇ ಅಂಟಿಕೊಂಡು ನೀರಿನ ದಾರಿ ಮುಚ್ಚಿಬಿಡುತ್ತದೆ. ಆಮೇಲೆ ಇನ್ನೊಂದು. ನೀರಿನ ಮಟ್ಟ ಇಳಿದು ದೋಣಿ ಇಳಿಸುವ ಜಾಗ ಕೆಸರಾದರೆ ಗೊಣಗಬಾರದು. ಮೊದಲು ನಲ್ಲಿ, ಆಮೇಲೆ ಮೋಜು.

ಇದೆಲ್ಲ ಆಗದ ಮಾತು ಅನ್ನುವವರು ಲಂಡನ್‌ನ ವಾಲ್ತಮ್‌ಸ್ಟೋ ಕಡೆ ನೋಡಲಿ. ಅಲ್ಲಿ ಈಗಲೂ ನಗರಕ್ಕೆ ನೀರು ಕೊಡುವ 10 ಜಲಾಶಯಗಳ ದಂಡೆಯನ್ನು 2017ರಲ್ಲಿ ಜನರಿಗೆ ತೆರೆದರು. ನಡೆಯಬಹುದು, ಹಕ್ಕಿ ನೋಡಬಹುದು, ಗಾಳ ಹಾಕಬಹುದು, ನೀರಿಗಿಳಿಯುವಂತಿಲ್ಲ.

ಅಂದ ಹಾಗೆ, ಚರಂಡಿ ವಿಷಯ ತಿಳಿಸೋಣ ಅಂತ ಅವತ್ತೇ ಫೋನ್ ಮಾಡಿದೆ. ಆ ಕಡೆಯವರು ಮೊದಲು ಕೇಳಿದ್ದು, 'ಗೇಟಿಗೆ ಬೀಗ ಹಾಕಿದ್ದೀವಲ್ಲ, ನಿಮಗೆ ಹೇಗೆ ಗೊತ್ತಾಯ್ತು?'