ಪುಟ್ ಆಫ್ ಎಂದರೆ ಬಂದ್ ಅಲ್ಲ

ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಆರ್ಡರ್ ಮತ್ತು ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕಟಿಂಗ್, ಸ್ಟಿಚಿಂಗ್, ವಾಷಿಂಗ್‌ಗಳೆಲ್ಲ ಕನ್ನಡ, ತೆಲುಗು, ಉರ್ದುಗಳಲ್ಲಿ ನಡೆದುಹೋಗುತ್ತವಾದರೂ ಹೊರರಾಜ್ಯದ ವ್ಯಾಪಾರಿಗಳ ಸಂದೇಶಗಳು ಇಂಗ್ಲಿಷಿನಲ್ಲೇ ಬರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅವುಗಳಲ್ಲಿನ ಉದ್ದುದ್ದ ಪದಗಳು ತೊಂದರೆ ಕೊಡಲಿಲ್ಲ; ತೊಂದರೆ ಕೊಟ್ಟದ್ದು ಆಫ್, ಅಪ್, ಔಟ್ ಎಂಬ ಪುಟ್ಟ ಪದಗಳು.

ಕೆಲವು ವರ್ಷಗಳ ಹಿಂದೆ ದಸರೆಗೆ ಮುಂಚೆ ಒಬ್ಬ ವ್ಯಾಪಾರಿ ‘ಪ್ಲೀಸ್ ಪುಟ್ ಆಫ್ ದ ಸೆಕೆಂಡ್ ಲಾಟ್ ಫಾರ್ ನೌ’ ಎಂದು ಬರೆದಿದ್ದರು. ನಮ್ಮಲ್ಲಿ ‘ಲೈಟ್ ಪುಟ್ ಆಫ್ ಮಾಡು’ ಎನ್ನುವುದು ರೂಢಿ. ಆ ಅರ್ಥವನ್ನೇ ಇಲ್ಲಿಗೂ ಹಚ್ಚಿ ಎರಡನೆಯ ಲಾಟ್ ಬಂದ್ ಆಯಿತೆಂದು ತಿಳಿದ ನಾನು, ಅದಕ್ಕೆಂದು ಕತ್ತರಿಸಿಟ್ಟಿದ್ದ 400 ಪೀಸುಗಳನ್ನು ಇನ್ನೊಬ್ಬರ ಆರ್ಡರಿಗೆ ತಿರುಗಿಸಿ, ಹೊಲಿಸಿ, ಅವರ ಲೇಬಲ್ ಹಚ್ಚಿಸಿ ಕಳುಹಿಸಿಬಿಟ್ಟೆ. ಮೊದಲಿನವರು ‘ಮಾಲು ಎಲ್ಲಿ’ ಎಂದು ಫೋನ್ ಮಾಡಿದಾಗಲೇ ತಿಳಿದದ್ದು, ಆರ್ಡರ್ ವಿಷಯದಲ್ಲಿ ಪುಟ್ ಆಫ್ ಎಂದರೆ ಮುಂದೂಡುವುದೆಂದು. ರದ್ದು ಮಾಡುವುದಕ್ಕೆ ಕಾಲ್ ಆಫ್ ಎನ್ನುತ್ತಾರಂತೆ. ‘ಫಾರ್ ನೌ, ಅಂದ್ರೆ ಸದ್ಯಕ್ಕೆ, ಅನ್ನೋದಾದರೂ ಓದಬೇಕಿತ್ತಲ್ರಿ’ ಎಂದ ಮಾಲೀಕರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಮ್ಮ ಭಾವನವರಲ್ಲಿ ಇದನ್ನು ತೋಡಿಕೊಂಡಾಗ, ಕ್ರಿಯಾಪದಕ್ಕೆ ಕಿರುಪದ ಸೇರಿ ಅರ್ಥ ಬದಲಾಗುವ ಈ ಬಳಕೆ ಪರಭಾಷಿಕರಿಗೆ ಬಹಳ ಕಷ್ಟವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ ಬರೆದಿದ್ದಾರೆಂದು ಅವರು ಸಮಾಧಾನ ಹೇಳಿದರು. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅವರು ಕೊಟ್ಟ ಕನ್ನಡದ ಹೋಲಿಕೆ. ಕೈ ಒಂದೇ, ಕೊಟ್ಟರೆ ಮೋಸ, ಹಿಡಿದರೆ ಆಸರೆ, ಹಾಕಿದರೆ ಕೆಲಸದ ಆರಂಭ, ಬಿಟ್ಟರೆ ತೊರೆದಂತೆ. ಇವನ್ನು ನಾವು ಬಿಡಿಸಿ ಅರ್ಥ ಮಾಡಿಕೊಳ್ಳುವುದಿಲ್ಲ, ಇಡಿಯಾಗಿ ಕಲಿತಿದ್ದೇವೆ. ಇಂಗ್ಲಿಷಿನ ಟರ್ನ್ ಕೂಡ ಹಾಗೆಯೇ: ‘ದೆ ಟರ್ನ್ಡ್ ಡೌನ್ ಅವರ್ ರೇಟ್’ ಎಂದರೆ ನಮ್ಮ ದರ ಒಪ್ಪಲಿಲ್ಲ, ‘ದ ಟೈಲರ್ಸ್ ಡಿಡ್ ನಾಟ್ ಟರ್ನ್ ಅಪ್’ ಎಂದರೆ ಟೈಲರುಗಳು ಬರಲೇ ಇಲ್ಲ. ‘ವಿ ಹ್ಯಾವ್ ರನ್ ಔಟ್ ಆಫ್ ಜಿಪ್ಸ್’ ಎಂದರೆ ಜಿಪ್ ಮುಗಿದಿವೆ ಎಂದಷ್ಟೇ. ನಮ್ಮ ಪ್ಯಾಕಿಂಗ್ ಹುಡುಗರಿಗೆ ರನ್ ಔಟ್ ಎಂದರೆ ಕ್ರಿಕೆಟ್ಟೇ.

ಬರೆಯುವಾಗಿನ ತೊಡಕು ಬೇರೆ. ‘ಪುಟ್ ಆಫ್ ದ ಲಾಟ್’, ‘ಪುಟ್ ದ ಲಾಟ್ ಆಫ್’ ಎರಡೂ ಸರಿ. ಆದರೆ ಲಾಟ್ ಬದಲು ಇಟ್ ಬಂದರೆ ಅದು ನಡುವೆಯೇ ಕೂರಬೇಕು, ‘ಪುಟ್ ಆಫ್ ಇಟ್’ ಎನ್ನುವಂತಿಲ್ಲ. ಪರಿಶೀಲಿಸುತ್ತೇವೆ ಎನ್ನುವ ‘ಲುಕ್ ಇಂಟು ಇಟ್’ ಮಾತ್ರ ಬಿಡಿಸಿಕೊಳ್ಳುವುದೇ ಇಲ್ಲ. ಯಾವುದು ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂಬುದನ್ನು ನಿಯಮ ಉರುಹೊಡೆದು ನೆನಪಿಡುವುದು ನನ್ನಿಂದಾಗಲಿಲ್ಲ. ಆದ್ದರಿಂದ ಹಳೆಯ ಚಲನ್ ಪುಸ್ತಕದ ಹಿಂಬದಿಯಲ್ಲಿ, ಬಂದ ಸಂದೇಶದ ಪೂರ್ತಿ ವಾಕ್ಯವನ್ನೇ ಬರೆದು, ಅದರ ಕೆಳಗೆ ನಾವು ಮಾಡಬೇಕಾದ ಕೆಲಸವನ್ನು ಕನ್ನಡದಲ್ಲಿ ಬರೆದಿಡುತ್ತೇನೆ.

ಕಳೆದ ವಾರ ಮಾಸ್ಟರ್ ಬಂದು ‘ಓವರ್‌ಲಾಕ್ ಮಷೀನ್ ಕೈಕೊಟ್ಟೈತ್ರಿ’ ಎಂದರು. ‘ದ ಮಷೀನ್ ಹ್ಯಾಸ್ ಬ್ರೋಕನ್ ಡೌನ್, ಸೋ ವಿ ಹ್ಯಾವ್ ಪುಟ್ ಆಫ್ ದ ಡಿಸ್ಪ್ಯಾಚ್ ಟಿಲ್ ಮಂಡೇ’ ಎಂದು ಅದೇ ವ್ಯಾಪಾರಿಗೆ ಬರೆದೆ. ಅವರ ಕಡೆಯೂ ನನ್ನಂಥ ಗುಮಾಸ್ತ ಯಾರಾದರೂ ಓದಬಹುದೆಂದು ಕೆಳಗೆ ‘ನಾಟ್ ಕ್ಯಾನ್ಸಲ್ಡ್’ ಎಂದೂ ಸೇರಿಸಿದೆ.