ನೀರು ಎಲ್ಲಿಂದ ತರ್ತಿದ್ದಳು?

ಶನಿವಾರದಿಂದ ಅಮ್ಮನ ಈ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ.

ಅಮ್ಮನನ್ನು ಅಮೆರಿಕದ ವಯೋಮಿಂಗ್‌ನ ಗ್ರ್ಯಾಂಡ್ ಟೀಟನ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಕನ್ನಿಂಗ್‌ಹ್ಯಾಮ್ ಕ್ಯಾಬಿನ್ ಅಂತ ಬೋರ್ಡು ಕಂಡು ಸುಮ್ನೆ ಇಳಿದೆವು. ಬಟಾಬಯಲಿನ ನಡುವೆ ಮರದ ದಿಮ್ಮಿಗಳ ಕುಳ್ಳ ಮನೆ. ಎರಡು ಕೋಣೆ, ಮಧ್ಯೆ ಗಾಳಿಯಾಡುವ ಓಣಿ, ಮೇಲೆ ಮಣ್ಣಿನ ಮಾಡು. ದಿಮ್ಮಿಗಳ ತುದಿ ಕೆತ್ತಿ ಒಂದರ ಮೇಲೊಂದು ಕೂರಿಸಿದ್ದಾರೆ. ಅಮ್ಮ ತಲೆ ಬಗ್ಗಿಸಿ ಒಳಗೆ ಹೋದಳು. ಗೋಡೆಯನ್ನು ಅಂಗೈಯಿಂದ ಸವರಿದಳು. ಕಿಟಕಿಯ ಚೌಕದಲ್ಲಿ ಟೀಟನ್ ಬೆಟ್ಟ ಫೋಟೋ ಥರ ಕಾಣುತ್ತಿತ್ತು. ನಾನು ಅದನ್ನು ತೋರಿಸುತ್ತಿದ್ದರೆ ಅವಳು ಕೇಳಿದ್ದು, "ಈ ಮನೆ ಕಟ್ಟಿದವನ ಹೆಂಡತಿ ನೀರು ಎಲ್ಲಿಂದ ತರ್ತಿದ್ದಳೇ?"

ಓದಿಕೊಂಡಿದ್ದನ್ನೆಲ್ಲ ಹೇಳಿದೆ. ಪಿಯರ್ಸ್ ಕನ್ನಿಂಗ್‌ಹ್ಯಾಮ್ 1880ರ ದಶಕದಲ್ಲಿ ಈ ಕಣಿವೆಗೆ ಬಂದವನು. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ 5 ವರ್ಷ ಇದ್ದು ಸಾಗುವಳಿ ಮಾಡಿದರೆ 160 ಎಕರೆ ಸ್ವಂತವಾಗುತ್ತಿತ್ತು. ಖಾಲಿ ಜಾಗ ಅಂತ ಹಂಚಿದ್ದು ಮೂಲನಿವಾಸಿ ಶೊಶೋನಿ ಜನ ಬೇಟೆಗೆ ಬರುತ್ತಿದ್ದ ನೆಲವನ್ನೇ. ಅದು ನನಗೆ ಈಗಲೂ ಚುಚ್ಚುತ್ತದೆ. 1890ರ ದಶಕದ ಶುರುವಿನಲ್ಲಿ ಕುದುರೆ ಕಳ್ಳರು ಅಂತ ಇಬ್ಬರನ್ನು ಇಲ್ಲೇ ಗುಂಡಿಟ್ಟು ಕೊಂದರು.

ಅಮ್ಮ ಹೂಂಗುಟ್ಟಿದಳು. "ಅದಿರ್ಲಿ ಕಣೇ, ನೀರು?"

ಅಮ್ಮ ತೀರ್ಥಹಳ್ಳಿ ಕಡೆಯವಳು. ಮದುವೆಯಾಗಿ ಬಂದಮೇಲೆ ಹತ್ತು ವರ್ಷ ದರೆ ಇಳಿದು ಬಾವಿಯಿಂದ ನೀರು ಹೊತ್ತಿದ್ದಾಳೆ. ಆ ಕೊಡದ ಭಾರ ಗೊತ್ತಿದ್ದವಳಿಗೆ ಗುಂಡಿನ ಕಥೆ ಯಾಕೆ ಬೇಕು? ಹೆಂಡತಿಯ ಹೆಸರು ಮಾರ್ಗರೆಟ್. ಅಷ್ಟು ಬಿಟ್ಟು ಅವಳ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಗಂಡನ ಬಗ್ಗೆ ಎಷ್ಟೊಂದಿದೆ!

ಆದರೂ ಪಿಯರ್ಸ್ ಮೇಲೆ ನನಗೆ ಗೌರವವಿದೆ. ಅಷ್ಟು ವರ್ಷ ಚಳಿ, ಹಿಮದ ಜೊತೆ ಗುದ್ದಾಡಿದ ಮೇಲೆ 1925ರಲ್ಲಿ ಅಕ್ಕಪಕ್ಕದ ರೈತರನ್ನು ಸೇರಿಸಿ ಒಂದು ಮನವಿಗೆ ಸಹಿ ಹಾಕಿಸಿದ. ದನ ಸಾಕಿ ನೋಡಿದೆವು, ಬೇಸಾಯ ಮಾಡಿ ನೋಡಿದೆವು, ಈ ಜಾಗ ಎಲ್ಲರೂ ಬಂದು ಸಂತೋಷಪಡಲಿಕ್ಕೇ ಸರಿ ಅನ್ನುವುದು ಅದರ ಸಾರ. ಪಾರ್ಕಿಗೆ ಅಂತ ದೊಡ್ಡ ಸಿರಿವಂತ ರಾಕ್‌ಫೆಲರ್ ಜಮೀನು ಕೊಳ್ಳಿಸುತ್ತಿದ್ದಾಗ ತನ್ನದನ್ನೂ ಮಾರಿದ. ಬೆವರು ಸುರಿಸಿದ ನೆಲ ಬಿಟ್ಟುಕೊಡೋದು ಸುಲಭ ಅಲ್ಲ, ಅಲ್ವಾ? ಮಾರ್ಗರೆಟ್ ಏನಂದಳೋ.

ನಿನ್ನೆ ರಾತ್ರಿ ಪಾತ್ರೆ ತೊಳೆಯುತ್ತಿದ್ದ ಅಮ್ಮ ನಲ್ಲಿ ನಿಲ್ಲಿಸಿ ಅಂದಳು, "ಚಳಿಗಾಲದಲ್ಲಿ ಹಿಮ ಕರಗಿಸ್ತಿದ್ದಳೇನೋ."

"ಇರಬಹುದು ಅಮ್ಮ."

"ಅದಕ್ಕೂ ಸೌದೆ ಬೇಕಲ್ಲ. ಅದನ್ನ ಯಾರು ಒಡೀತಿದ್ರು?"