ಲಕೋಟೆ ಒಡೆಯದೆ ನಂಬರ್ ಇಲ್ಲ

ಟಪಾಲು ಗುಮಾಸ್ತರ ಮೇಲೆ ನನಗೆ ಮೊದಲಿಂದಲೂ ಮರ್ಯಾದೆ. ನಾನೂ ಸರ್ಕಾರಿ ಕಚೇರಿಯೊಂದಕ್ಕೆ ಎಸ್‌ಡಿಎ ಅಂದರೆ ದ್ವಿತೀಯ ದರ್ಜೆ ಸಹಾಯಕಿ ಆಗಿ ಸೇರಿ ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಕೂತವಳು. ಬಂದ ಕಾಗದ ಬಿಡಿಸಬೇಕು, ಸೀಲು ಒತ್ತಬೇಕು, ರಿಜಿಸ್ಟರಿಗೆ ಏರಿಸಬೇಕು, ಯಾವ ಸೆಕ್ಷನ್ನಿಗೆ ಹೋಗಬೇಕೋ ಅಲ್ಲಿಗೆ ದಾಟಿಸಬೇಕು. ಕೆಲಸ ಸಣ್ಣದು ಅಂತ ಎಲ್ಲರ ಲೆಕ್ಕ. ಒಂದು ಕಾಗದ ಕಳೆದುಹೋದ ದಿನ ಅದರ ಬೆಲೆ ಗೊತ್ತಾಗುತ್ತದೆ. ಹಾಗಾಗಿ ಮಂಗಳವಾರ ಆ ಕಾಲೇಜಿನ ಕೌಂಟರಿನಲ್ಲಿ ಕೂತಿದ್ದವರನ್ನು ಬಯ್ಯಲು ನನಗೆ ಮನಸ್ಸೇ ಬರುತ್ತಿಲ್ಲ. ಆದರೆ ಅಲ್ಲಿ ನಡೆದದ್ದು ತಲೆಯಿಂದ ಹೋಗುತ್ತಲೂ ಇಲ್ಲ.

ಯಾವ ಕಾಲೇಜು ಅಂತ ಹೇಳುವುದಿಲ್ಲ. ಊಹಿಸಲು ಹೋಗಬೇಡಿ. ಹಾಸನದಲ್ಲಿ ಇಂಜಿನಿಯರಿಂಗ್, ಮೆಡಿಕಲ್, ಆಯುರ್ವೇದ, ಕೃಷಿ, ಪಶುವೈದ್ಯಕೀಯ, ಡಿಗ್ರಿ, ಪಿಜಿ ಎಲ್ಲವೂ ಇವೆ. ಹುಡುಗಿ ಯಾರು, ಅವಳಿಗೆ ಏನಾಯಿತು ಅನ್ನುವುದನ್ನೂ ಹೇಳುವುದಿಲ್ಲ. ಅದನ್ನು ಅವಳೇ ಹೇಳಬೇಕು, ಕೇಳಬೇಕಾದವರ ಮುಂದೆ ಹೇಳಬೇಕು. ಲೈಂಗಿಕ ಕಿರುಕುಳದ ದೂರಿನ ವಿವರ ಹೊರಗೆ ಹಾಕಬಾರದು ಅಂತ ಕಾನೂನೇ ಇದೆ. ನಾನು ಬರೆಯುತ್ತಿರುವುದು ಗೇಟಿನಿಂದ ಕೌಂಟರಿನವರೆಗಿನ ಕಥೆ ಅಷ್ಟೇ. ಇಷ್ಟನ್ನು ಬರೆಯಲಾ ಅಂತ ಅವಳನ್ನು ಕೇಳಿದೆ. "ಕೌಂಟರ್ ವಿಷಯ ಬರೀಲೇಬೇಕು ಆಂಟಿ" ಅಂದಳು.

ಅವಳ ಅಮ್ಮ ನನಗೆ ಬೇಕಾದವರು. ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಗೊತ್ತಾದರೆ ಓದಿದ್ದು ಸಾಕು, ಮನೆಗೆ ಬಾ ಅಂದುಬಿಡುತ್ತಾರೆ ಅಂತ ಹೆದರಿಕೆ. ಅದು ಸುಮ್ನೆ ಹೆದರಿಕೆ ಅಂತ ನನಗೂ ಅನ್ನಿಸಲಿಲ್ಲ. ಸಿಎಲ್ ಹಾಕಿ ಜೊತೆಗೆ ಹೋದೆ.

ದೂರನ್ನು ಅವಳೇ ಬರೆದಿದ್ದಳು. ಕಾನೂನು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ದೂರು ಹೋಗಬೇಕಾದದ್ದು ಪ್ರಿನ್ಸಿಪಾಲರಿಗಲ್ಲ, ಇಂಥ ದೂರು ವಿಚಾರಿಸಲು ಕಾಲೇಜಿನಲ್ಲೇ ಇರಬೇಕಾದ ಆಂತರಿಕ ಸಮಿತಿಗೆ. ಘಟನೆ ನಡೆದ 3 ತಿಂಗಳೊಳಗೆ ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಬಿಡಬಹುದು. 6 ಪ್ರತಿ ಬೇಕು. ಕಾಲೇಜಿನಲ್ಲಿ 3 ತಿಂಗಳು ಹೇಗೆ ಓಡುತ್ತದೆ ಅಂತ ಮಕ್ಕಳಿರುವವರಿಗೆ ಗೊತ್ತು. ಮಾರ್ಕ್ಸಿಗೆ ಹೆದರಿ ಇಂಟರ್ನಲ್ಸ್ ಮುಗೀಲಿ ಅಂತ ಕಾಯುತ್ತಾರೆ. ಆಮೇಲೆ ಪ್ರಾಕ್ಟಿಕಲ್ ಮುಗೀಲಿ ಅಂತ ಕಾಯುತ್ತಾರೆ. ದೂರು ಬಂದ ಮೇಲೆ, ಯಾರ ಮೇಲೆ ದೂರಿದೆಯೋ ಅವರು ಆ ವಿದ್ಯಾರ್ಥಿಯ ಪೇಪರ್ ತಿದ್ದದಂತೆ ತಡೆಯಬಹುದು ಅಂತ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2015ರ ನಿಯಮದಲ್ಲಿದೆ. ಅದನ್ನು ಯಾವ ಕ್ಲಾಸಿನಲ್ಲಿ ಯಾರು ಹೇಳಿಕೊಡುತ್ತಾರೆ ಹೇಳಿ.

ಸಮಿತಿಯವರ ಹೆಸರು ಎಲ್ಲರಿಗೂ ಕಾಣುವ ಕಡೆ ಹಾಕಿರಬೇಕು ಅನ್ನುವುದೂ ಕಾಯ್ದೆಯ ಮಾತೇ. ಬೋರ್ಡ್ ಇತ್ತು. ಮೆಟ್ಟಿಲ ಕೆಳಗೆ, ಸೈಕಲ್ ಸ್ಟ್ಯಾಂಡ್ ಪಕ್ಕ ಇತ್ತು. ಅಧ್ಯಕ್ಷರು ಅಂತ ಬರೆದಿದ್ದವರು ವರ್ಗವಾಗಿ ಹೋಗಿ ಬಹಳ ದಿನವಾಗಿದೆಯಂತೆ. ಎರಡನೇ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಸಮಿತಿಯ ರೂಮು ಯಾವುದು ಅಂತ ಅಟೆಂಡರ್ ತೋರಿಸಿದರು. ಬೀಗ ಹಾಕಿತ್ತು. ಹಾಸನಾಂಬೆ ಗುಡಿಯ ಬಾಗಿಲೂ ವರ್ಷಕ್ಕೊಂದೇ ಸಲ ತೆಗೆಯುವುದು. ಆದರೆ ತೆಗೆದಾಗ ಒಳಗೆ ದೀಪ ಉರಿಯುತ್ತಲೇ ಇರುತ್ತದೆ ಅಂತಾದರೂ ನಂಬಿಕೆ ಇದೆ.

"ಟಪಾಲಲ್ಲಿ ಕೊಟ್ಟುಬಿಡಿ, ತಲುಪುತ್ತೆ" ಅಂದರು ಅಟೆಂಡರ್.

ಕೌಂಟರ್ ಮುಂದೆ ಹುಡುಗರ ಸಾಲು. ಸ್ಕಾಲರ್‌ಶಿಪ್ಪಿಗೆ ಬೋನಫೈಡ್ ಬೇಕಾದವರು, ಮಾರ್ಕ್ಸ್ ಕಾರ್ಡ್ ತಿದ್ದುಪಡಿಗೆ ಬಂದವರು. ನಮ್ಮ ಸರದಿ ಬಂತು. ಗುಮಾಸ್ತರು ಒಳ್ಳೆ ಮನುಷ್ಯರ ಥರ ಕಂಡರು. ಎಲ್ಲರನ್ನೂ ಮಾತಾಡಿಸುತ್ತಿದ್ದರು. ಅವಳನ್ನೂ ನೋಡಿ "ಯಾವೂರಮ್ಮ? ಯಾರ ಮಗಳು?" ಅಂದರು. ನಮ್ಮ ಕಡೆ ಇದು ಕುಶಲ ಕೇಳುವ ರೀತಿ. ಅವತ್ತು ಮಾತ್ರ ಆ ಮಾತಿಗೆ ಅವಳ ಕೈ ಬಿಗಿಯಾಯಿತು. ಅರಕಲಗೂಡು, ಆಲೂರು, ಬೇಲೂರು, ಹೊಳೆನರಸೀಪುರ ಎಲ್ಲಿಂದ ಬಂದಿದ್ದರೂ, ಊರು ಹೇಳಿ ಅಪ್ಪನ ಹೆಸರು ಹೇಳಿದರೆ ಮುಗಿಯಿತು. ಸಾಯಂಕಾಲದ ಬಸ್ಸು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ.

ಲಕೋಟೆ ಅಂಟಿಸಿತ್ತು. ಮೇಲೆ ದಪ್ಪ ಅಕ್ಷರದಲ್ಲಿ "ಗೌಪ್ಯ" ಅಂತ ಬರೆದಿತ್ತು. ಅವರು ಸ್ಕೇಲ್ ತಗೊಂಡು ಅಂಚು ಹರಿಯಲು ಹೊರಟರು.

"ಅದನ್ನ ತೆಗೀಬೇಡಿ ಸರ್. ಗೌಪ್ಯ ಲಕೋಟೆ ಅಂತ ಏರಿಸಿಕೊಂಡು ಹಾಗೇ ಸಮಿತಿಗೆ ಕೊಡಿ. ನಾವು ಆಫೀಸಲ್ಲಿ ಹಾಗೇ ಮಾಡೋದು" ಅಂದೆ.

"ಗೌಪ್ಯ ಅನ್ನೋದು ಮೇಲಿಂದ ಬರೋದಕ್ಕೆ ಮೇಡಂ. ಸ್ಟೂಡೆಂಟ್ಸ್ ಕೊಡೋದಕ್ಕಲ್ಲ. ಒಳಗೇನಿದೆ ಅಂತ ನೋಡದೆ ನಂಬರ್ ಹೇಗೆ ಹಾಕಲಿ?"

ಹರಿದೇಬಿಟ್ಟರು. ಕಾಗದವನ್ನು ಅರ್ಧ ಎಳೆದು, ರಿಜಿಸ್ಟರಿನಲ್ಲಿ ಬರೆಯಲು ಶುರು ಮಾಡಿದರು. ಬಾಯಲ್ಲಿ ಹೇಳಿಕೊಂಡೇ ಬರೆಯುವುದು ಅವರ ಅಭ್ಯಾಸ. ನಮ್ಮಲ್ಲೂ ಎಷ್ಟೋ ಜನ ಹಾಗೇ. "ವಿಷಯ... ಲೈಂಗಿಕ..." ಅಂದವರು ಅಲ್ಲಿಗೇ ನಿಂತರು. ತಲೆ ಎತ್ತಿ ಅವಳನ್ನು ನೋಡಿದರು. ಹಿಂದೆ ಸಾಲಿನಲ್ಲಿ ಮಾತು ನಿಂತಿತು.

ಅವಳು ಅಂದಳು, "ಪೂರ್ತಿ ಓದಿ ಸರ್. ಅರ್ಧಕ್ಕೆ ನಿಲ್ಲಿಸಿದ್ರೆ ಉಳಿದಿದ್ದನ್ನ ಇವರೇ ಸೇರಿಸ್ಕೊಳ್ತಾರೆ."

ಜೋರಾಗಿ ಹೇಳಲಿಲ್ಲ. ಅಳಲೂ ಇಲ್ಲ. ಬೋನಫೈಡ್ ಕೇಳುವ ದನಿಯಲ್ಲೇ ಹೇಳಿದಳು.

ಅವರು ಓದಲಿಲ್ಲ. ಕಾಗದ ಒಳಗೆ ತಳ್ಳಿ, ವಿಷಯದ ಕಾಲಂನಲ್ಲಿ "ದೂರು" ಅಂತ ಅಷ್ಟೇ ಬರೆದು, ಹರಿದ ಅಂಚಿಗೆ ಗೋಂದು ಹಚ್ಚಿದರು. ಅಂದರೆ ನೋಡದೆ ನಂಬರ್ ಹಾಕಲು ಬರುತ್ತಿತ್ತು, ಅಲ್ವಾ? ಝೆರಾಕ್ಸ್ ಪ್ರತಿಯ ಮೇಲೆ ಸೀಲು ಒತ್ತಿ ಕೊಟ್ಟರು. ಅವಳು ತಾರೀಖು ಸರಿಯಾಗಿ ಬಿದ್ದಿದೆಯಾ ಅಂತ ನೋಡಿಕೊಂಡಳು. ಹೊರಡುವಾಗ ಅವರು ನನಗೆ ಮಾತ್ರ ಕೇಳುವ ಹಾಗೆ, "ಇದನ್ನೆಲ್ಲ ನಮಗೆ ಯಾರೂ ಹೇಳಿಲ್ಲ ಮೇಡಂ" ಅಂದರು.

ಇದನ್ನು ನಂಬುತ್ತೇನೆ. ಜಾಗೃತಿ ಕಾರ್ಯಕ್ರಮ ಅಂತ ನಡೆಯುತ್ತದಲ್ಲ, ಅದರಲ್ಲಿ ಹಾರ, ಶಾಲು, ಗ್ರೂಪ್ ಫೋಟೋ. ಕೂತು ಕೇಳುವವರು ಲೆಕ್ಚರರ್‌ಗಳು, ಮೊದಲ ವರ್ಷದ ಮಕ್ಕಳು. ದೂರು ಮೊದಲು ಯಾರ ಕೈಗೆ ಬೀಳುತ್ತದೋ ಆ ಟಪಾಲಿನವರು ಅವತ್ತೂ ಕೌಂಟರಿನಲ್ಲೇ ಇರುತ್ತಾರೆ. ದೂರನ್ನು ನಿಭಾಯಿಸುವ ಹೊಣೆ ಇರುವವರು ಅದರ ವಿವರ ಬಿಟ್ಟುಕೊಟ್ಟರೆ 5,000 ರೂಪಾಯಿ ದಂಡ ಅಂತ ನಿಯಮದಲ್ಲಿದೆ. ಹಾಗಂತ ಹೇಳದೆ ಕೂರಿಸಿ, ನಾಳೆ ಅವರನ್ನೇ ಹೊಣೆ ಮಾಡುವುದೂ ನ್ಯಾಯವಲ್ಲ.

ಕಾರಿಡಾರಿನಲ್ಲಿ ಸಿಕ್ಕ ಮೇಡಂ ಒಬ್ಬರ ಬಗ್ಗೆ ಮಾತ್ರ ನನಗೆ ಅಷ್ಟು ಕನಿಕರ ಇಲ್ಲ. ಅಷ್ಟರಲ್ಲೇ ಅವರಿಗೆ ಗೊತ್ತಾಗಿತ್ತು. "ಮೊದಲು ನಮ್ಮತ್ರ ಹೇಳ್ಬಾರ್ದಿತ್ತೇನೇ? ಕರೆದು ಮಾತಾಡಿ ಮುಗಿಸ್ತಿದ್ವಿ" ಅಂದರು. ರಾಜಿ ಬೇಕು ಅಂತ ಅವಳೇ ಕೇಳಿದರೆ ಮಾತ್ರ ರಾಜಿ, ಅದನ್ನೂ ಸಮಿತಿಯೇ ಮಾಡಿಸಬೇಕು. ಹುಡುಗಿ ನಕ್ಕು "ಥ್ಯಾಂಕ್ಸ್ ಮೇಡಂ" ಅಂದಳು. ನನಗಾಗಿದ್ದರೆ ಆಗುತ್ತಿರಲಿಲ್ಲ.

ಮನೆಗೆ ಬಂದ ಮೇಲೂ ಆ ಅರ್ಧ ಓದಿದ ಸಾಲೇ. ಅದೇ ಕಾಲೇಜಿಗೆ ಪರೀಕ್ಷೆ ಸಮಯದಲ್ಲಿ ಪ್ರಶ್ನೆಪತ್ರಿಕೆ ಬರುತ್ತದೆ. ಲಕೋಟೆಗೆ ಸೀಲು, ಬೀರುವಿಗೆ ಬೀಗ, ಒಡೆಯುವಾಗ ಸಾಕ್ಷಿಗಳ ಸಹಿ. ಒಂದು ಲಕೋಟೆಯನ್ನು ಒಡೆಯದೆ ಇಡುವುದು ಹೇಗೆ ಅಂತ ಗೊತ್ತಿಲ್ಲದ ಜಾಗ ಅಲ್ಲ ಅದು.

ಮತ್ತೆ ಇದು ಹಾಸನ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಇಲ್ಲಿ ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊ ಇದ್ದ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹೋದವು. ಅದರಲ್ಲಿದ್ದ ಹೆಂಗಸರ ಮುಖಗಳನ್ನು ಮಸುಕು ಮಾಡುವಷ್ಟು ಮನುಷ್ಯತ್ವವೂ ಹಂಚಿದವರಿಗೆ ಇರಲಿಲ್ಲ. ನೋಡಿದವರು ಯಾರು ಅಂತ ಕೇಳಿದರೆ ಯಾರೂ ಇಲ್ಲ. ಆದರೆ ಯಾರು ಯಾರು ಇದ್ದರು ಅಂತ ಎಲ್ಲರಿಗೂ ಗೊತ್ತು. 2025ರ ಆಗಸ್ಟ್‌ನಲ್ಲಿ ಇಲ್ಲಿನ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಅತ್ಯಾಚಾರದ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಆಯಿತು. ಆ ತೀರ್ಪಿನ ಹಿಂದಿದ್ದದ್ದು ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ಕೊಟ್ಟ ದೂರು. ಅಂಥ ಹೊತ್ತಲ್ಲಿ ದೂರು ಕೊಡಲು ಆ ಹೆಂಗಸಿಗೆ ಎಂಥ ಗಟ್ಟಿತನ ಬೇಕಾಗಿತ್ತು ಅಂತ ಈ ವಾರ ಮತ್ತೆ ಯೋಚಿಸಿದೆ. ಈ ಊರಿನ ಹುಡುಗಿಗೆ "ಗುಟ್ಟಾಗಿ ಇಡ್ತೀವಿ" ಅಂತ ಬಾಯಲ್ಲಿ ಹೇಳಿದರೆ ಸಾಕಾಗುವುದಿಲ್ಲ. ಅವಳು ಸಾಲಿನಲ್ಲಿ ನಿಂತವರ ಮುಖ ನೋಡುತ್ತಾಳೆ.

ಇಷ್ಟು ಸಣ್ಣದಕ್ಕೆ ಇಷ್ಟು ಬರೆಯಬೇಕಾ ಅಂತ ನಮ್ಮ ಯಜಮಾನರು ಕೇಳಿದರು. ಸಣ್ಣದರಲ್ಲೇ ಕೇಸು ಬಿದ್ದುಹೋಗುತ್ತದೆ. ಗೋವಾ ವಿಶ್ವವಿದ್ಯಾಲಯದ್ದು ನೋಡಿ. 2009ರಲ್ಲಿ ಅಲ್ಲಿನ ಅಧ್ಯಾಪಕರೊಬ್ಬರ ಮೇಲೆ ವಿದ್ಯಾರ್ಥಿನಿಯರು ದೂರು ಕೊಟ್ಟರು. ಸಮಿತಿ ಗಡಿಬಿಡಿಯಲ್ಲಿ ವಿಚಾರಣೆ ಮುಗಿಸಿತು, ಕೆಲಸದಿಂದ ತೆಗೆದರು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅವರ ವಾದಕ್ಕೆ ಸರಿಯಾದ ಅವಕಾಶ ಕೊಟ್ಟಿಲ್ಲ ಅಂತ ಆ ಶಿಕ್ಷೆಯನ್ನು ರದ್ದು ಮಾಡಿ, ವಿಚಾರಣೆಯನ್ನು ಮತ್ತೆ ನಡೆಸಲು ವಾಪಸ್ ಕಳಿಸಿತು. ಅವರ ಹಕ್ಕು ಅವರಿಗೆ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಮಿತಿ ಕೆಲಸವನ್ನು ನೆಟ್ಟಗೆ ಮಾಡಿದ್ದರೆ, ಅಷ್ಟು ವರ್ಷ ಆದ ಮೇಲೆ ಆ ಹುಡುಗಿಯರು ಅದೇ ವಿಚಾರಣೆಯನ್ನು ಮತ್ತೆ ಎದುರಿಸುವ ಹಾಗಾಗುತ್ತಿರಲಿಲ್ಲ.

ನಿನ್ನೆ ಅವಳ ಫೋನ್ ಬಂತು. ಸಮಿತಿಯಿಂದ ಪತ್ರ ಬಂದಿದೆಯಂತೆ. ಬೇಗ ಬಂತಲ್ಲ ಅಂತ ನಾನು ಖುಷಿಪಡುವಷ್ಟರಲ್ಲಿ ಉಳಿದದ್ದನ್ನು ಹೇಳಿದಳು. ಅಟೆಂಡರ್ ಅದನ್ನು ಕ್ಲಾಸಿಗೇ ತಂದು, ಬಾಗಿಲಲ್ಲಿ ನಿಂತು ಅವಳ ಹೆಸರು ಕೂಗಿ, ಎಲ್ಲರ ಮುಂದೆ ಸಹಿ ಹಾಕಿಸಿಕೊಂಡು ಹೋದರಂತೆ.

ಇನ್ನೊಂದು ಪತ್ರ ಬರೆಯುತ್ತಿದ್ದಾಳೆ. ಮುಂದೆ ನೋಟಿಸ್ ಕ್ಲಾಸಿಗೆ ತರಬಾರದು, ಫೋನಿಗೆ ಕಳಿಸಬೇಕು. ತನ್ನ ಲಕೋಟೆಗಳನ್ನು ಕೌಂಟರಿನಲ್ಲಿ ಒಡೆಯಬಾರದು. ವಿಚಾರಣೆಗೆ ಕೂರುವವರು ಯಾರು ಯಾರು, ನಿಯಮದಲ್ಲಿರುವ ಹಾಗೆ ವಿದ್ಯಾರ್ಥಿ ಸದಸ್ಯರು ಮೂವರೂ ಇದ್ದಾರಾ ಅಂತ ಬರವಣಿಗೆಯಲ್ಲಿ ತಿಳಿಸಬೇಕು.

"ಆ ಬೋರ್ಡಲ್ಲಿ ಹೆಸರು ಬದಲಾಯಿಸಿ ಅಂತಾನೂ ಸೇರಿಸ್ಲಾ ಆಂಟಿ? ಜಾಸ್ತಿ ಆಗುತ್ತಾ?"

ಸೇರಿಸು ಅಂದೆ. ನಂಬರೂ ಬದಲಾಯಿಸಲಿ, ಅದು ಸ್ವಿಚ್ ಆಫ್ ಇದೆ.